ಮಳೆಗೆ ಬಾಳುವ ಪ್ಯಾನೆಲ್: ಕೇಳಿದ ಮಾತು, ಕಾಣುವ ನಿಜ

ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ ಕಾಳಿ ನದಿಗೆ ಅಣೆಕಟ್ಟು. ಅದೇ ನದಿಯ ಕೆಳದಂಡೆಯಲ್ಲಿ ಕೈಗಾ ಅಣುಸ್ಥಾವರ. ಸಿದ್ದಾಪುರದ ಗಡಿಯಲ್ಲಿ ಶರಾವತಿ. ರಾಜ್ಯಕ್ಕೆಲ್ಲ ವಿದ್ಯುತ್ ಕೊಡುವ ಈ ಸೀಮೆಯಲ್ಲೇ ಜೂನ್ ಗಾಳಿಗೆ ಒಂದು ಮರ ತಂತಿಯ ಮೇಲೆ ಉರುಳಿತೆಂದರೆ ಕಾಡಿನೊಳಗಿನ ಕೊನೆಯ ಮನೆಗೆ ಕರೆಂಟು ಬರಲು ದಿನಗಟ್ಟಲೆ ಕಾಯಬೇಕು. ಹಾಗಾಗಿ ಇಲ್ಲಿ ಸೋಲಾರ್ ಎಂಬುದು ಶೋಕಿಯಲ್ಲ. 1995ರಲ್ಲಿ ಶುರುವಾದ ಸೆಲ್ಕೊ ಸಂಸ್ಥೆ ಬ್ಯಾಂಕ್ ಸಾಲದ ದಾರಿ ತೋರಿಸಿ ಕರ್ನಾಟಕದ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿತು. ಅದರ ಸಹಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಈಗ ತೋಟದ ಮನೆ, ಹೋಮ್‌ಸ್ಟೇ, ಹಂದಿ ತಡೆಯುವ ಐಬೆಕ್ಸ್ ಬೇಲಿ, ಸಾತೊಡ್ಡಿ–ಯಾಣ ಸುತ್ತಲು ಬರುವವರ ಮಲಗುವ ವ್ಯಾನು, ಎಲ್ಲಕ್ಕೂ ಪ್ಯಾನೆಲ್ ಬೇಕು. ಪ್ಯಾನೆಲ್ ಜೊತೆಗೆ ನಾಲ್ಕು ಜನರ ನಾಲ್ಕು ಮಾತೂ ಪುಕ್ಕಟೆ ಬರುತ್ತವೆ. ಅದರಲ್ಲಿ ಕೆಲವನ್ನು ಇಲ್ಲಿ ಒರೆಗೆ ಹಚ್ಚಿದ್ದೇನೆ.

“ಸ್ವಲ್ಪ ನೆರಳು ಬಿದ್ದರೇನಂತೆ, ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ.”

ಅಡಕೆ ಸೀಮೆಯಲ್ಲಿ ಇದರಷ್ಟು ನಷ್ಟ ಮಾಡುವ ನಂಬಿಕೆ ಇನ್ನೊಂದಿಲ್ಲ. ಪ್ಯಾನೆಲ್ಲಿನ ಕೋಶಗಳೆಲ್ಲ ಒಂದರ ಹಿಂದೊಂದು ಪೋಣಿಸಿದಂತೆ ಜೋಡಣೆಯಾಗಿರುತ್ತವೆ. ಬಾವಿಯಿಂದ ಅಂಗಳದವರೆಗೆ ಸಾಲಾಗಿ ನಿಂತು ಕೊಡ ದಾಟಿಸುವಾಗ ನಡುವಿನ ಒಬ್ಬ ಕೈಕಟ್ಟಿ ನಿಂತರೆ ಇಡೀ ಸಾಲು ನಿಲ್ಲುತ್ತದಲ್ಲ, ಹಾಗೆ. ಒಂದು ಕೋಶಕ್ಕೆ ನೆರಳಾದರೆ ಅದು ಕರೆಂಟು ಕೊಡುವುದನ್ನು ಬಿಟ್ಟು ಉಳಿದವು ಕೊಟ್ಟದ್ದನ್ನು ತಿಂದು ಕಾಯತೊಡಗುತ್ತದೆ. ಅದು ಸುಡದಿರಲೆಂದು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ದೊಡ್ಡ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ ಮೂರು. ನೆರಳು ಬಿದ್ದ ಮೂರನೇ ಒಂದು ಭಾಗವನ್ನು ಅವು ಬದಿಗೆ ಸರಿಸುತ್ತವೆ. ಅಂದರೆ ಅಂಗೈ ಅಗಲದ ನೆರಳಿಗೆ ಮೂರರಲ್ಲೊಂದು ಪಾಲು ಹೋಯಿತು. ಬೇಲಿಗೋ ದೀಪಕ್ಕೋ ಹಾಕುವ ಸಣ್ಣ ಪ್ಯಾನೆಲ್‌ಗಳಲ್ಲಿ ಡಯೋಡ್ ಎರಡೇ ಇರಬಹುದು, ತೀರಾ ಸಣ್ಣದರಲ್ಲಿ ಇಲ್ಲದೆಯೂ ಇರಬಹುದು.

ಅಡಕೆ ಮರದ ನೆರಳು ಬೇರೆ ತೆಳ್ಳಗೆ, ಉದ್ದಕ್ಕೆ. ಬೆಳಿಗ್ಗೆ ಒಂದು ಪಾಲಿನ ಮೇಲೆ, ಹೊತ್ತೇರಿದಂತೆ ಇನ್ನೊಂದರ ಮೇಲೆ, ದಿನವಿಡೀ ಹಾಯುತ್ತಲೇ ಇರುತ್ತದೆ. ನೋಡಿದವರಿಗೆ ಪ್ಯಾನೆಲ್ ಬಿಸಿಲಲ್ಲೇ ಇದೆ ಅನ್ನಿಸುತ್ತದೆ. ಡಯೋಡ್ ವರ್ಷಗಟ್ಟಲೆ ಕಾದು ಕಾದು ಒಂದು ದಿನ ಸತ್ತರೆ ಬೈಗುಳ ಕಂಪನಿಗೆ. ಪ್ಯಾನೆಲ್ ಬಾಳಬೇಕೆಂದರೆ ಮೊದಲು ಆರಿಸಬೇಕಾದ್ದು ಜಾಗ. ಡಿಸೆಂಬರ್‌ನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು ಎಲ್ಲೆಲ್ಲಿ ಹಾಯುತ್ತದೆಂದು ಅಂಗಳದಲ್ಲಿ ಗುರುತು ಹಾಕಿಕೊಳ್ಳಿ. ಮನೆಯ ಸೂರಿಗಿಂತ ಅಡಕೆ ಒಣಗಿಸುವ ಅಂಗಳದ ಅಂಚಿನ ಕಂಬವೇ ಎಷ್ಟೋ ಕಡೆ ಒಳ್ಳೆಯ ಜಾಗ. ಅಡಕೆಗೆ ಬಿಸಿಲು ಬೀಳುವಲ್ಲಿ ಪ್ಯಾನೆಲ್‌ಗೂ ಬೀಳುತ್ತದೆ.

“ಮಳೆಗಾಲದಲ್ಲಿ ಸೋಲಾರ್ ದಂಡ.”

ಪೂರ್ತಿ ದಂಡವಲ್ಲ, ಆದರೆ ಮಾರುವವರು ಹೇಳುವಷ್ಟೂ ಬರುವುದಿಲ್ಲ. ಪ್ಯಾನೆಲ್ಲಿಗೆ ಬೇಕಾದ್ದು ಬೆಳಕು. ಮೋಡದಿಂದ ಸೋಸಿ ಬರುವ ಬೆಳಕಿನಲ್ಲೂ ಅದು ಹತ್ತಿಪ್ಪತ್ತು ಶೇಕಡಾ ಕೆಲಸ ಮಾಡುತ್ತದೆ. 100 ವ್ಯಾಟ್ ಪ್ಯಾನೆಲ್ ಮಾರ್ಚ್‌ನಲ್ಲಿ ದಿನಕ್ಕೆ 400 ವ್ಯಾಟ್-ಅವರ್ ಆಸುಪಾಸು ಬ್ಯಾಟರಿಗೆ ತುಂಬಿದರೆ, ಜುಲೈನಲ್ಲಿ ಅದರ ಅರ್ಧ ಸಿಕ್ಕಿದ್ದು ಪುಣ್ಯ. ಐದು ವ್ಯಾಟಿನ ನಾಲ್ಕು ಎಲ್‌ಇಡಿ ದೀಪ ಐದು ಗಂಟೆ ಉರಿಯಲು ಬೇಕಾದ್ದು 100 ವ್ಯಾಟ್-ಅವರ್. ದೀಪ, ಮೊಬೈಲ್‌ಗೆ ತೊಂದರೆಯಿಲ್ಲ. ಫ್ರಿಡ್ಜ್, ಮಿಕ್ಸರ್ ಎಂದರೆ ಲೆಕ್ಕ ತಪ್ಪುತ್ತದೆ. ಬೇಕಾದ ವ್ಯಾಟ್ ಎಷ್ಟೆಂದು ಜುಲೈ ಲೆಕ್ಕದಲ್ಲಿ ಕಟ್ಟಿ, ಮಾರ್ಚ್ ಲೆಕ್ಕದಲ್ಲಲ್ಲ. ಹಿತ್ತಿಲಲ್ಲಿ ಮಳೆಗಾಲದ ಹಳ್ಳ ಹರಿಯುವ ಮನೆಯವರಿಗೆ ಸಣ್ಣ ಜಲವಿದ್ಯುತ್ ಯಂತ್ರ ಇನ್ನೂ ಚೆನ್ನ. ಬಿಸಿಲು ಇಲ್ಲದ ತಿಂಗಳಲ್ಲೇ ನೀರು ಇರುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಮಾತು: ಮೊನೊ ಪ್ಯಾನೆಲ್ ಆದರೆ ಮೋಡದಲ್ಲೂ ಭರ್ತಿ ಕೊಡುತ್ತದಂತೆ. ಮೊನೊದ ಲಾಭ ಜಾಗದಲ್ಲಿ, ಕಡಿಮೆ ಅಗಲದಲ್ಲಿ ಹೆಚ್ಚು ವ್ಯಾಟ್. ಮೋಡಕ್ಕೆ ಮೊನೊ, ಪಾಲಿ ಎರಡೂ ಹೆಚ್ಚುಕಡಿಮೆ ಒಂದೇ. ಪೇಟೆಯಲ್ಲಿ ಪಾಲಿ ಸಿಗುವುದೇ ಅಪರೂಪವಾದ್ದರಿಂದ ಈ ವಾದ ತನ್ನಷ್ಟಕ್ಕೆ ಮುಗಿಯುತ್ತಿದೆ.

“ದಕ್ಷಿಣಕ್ಕೆ ಚೆನ್ನಾಗಿ ಓರೆ ಮಾಡಿ ನಿಲ್ಲಿಸಬೇಕು.”

ದಕ್ಷಿಣ ಸರಿ, ‘ಚೆನ್ನಾಗಿ’ ತಪ್ಪು. ಶಿರಸಿ ಇರುವುದು ಸುಮಾರು 14.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಪುಸ್ತಕ ನೋಡಿ 30 ಡಿಗ್ರಿ ಓರೆ ಮಾಡಿದರೆ ಬೆಳಕು ಮೊದಲೇ ಕಡಿಮೆ ಇರುವ ತಿಂಗಳಲ್ಲೇ ಪ್ಯಾನೆಲ್ ಬೆನ್ನು ತಿರುಗಿಸಿ ಕೂತಂತೆ. 15 ಡಿಗ್ರಿ ಸಾಕು. ಹತ್ತಕ್ಕಿಂತ ಕಡಿಮೆಯಾದರೆ ನೀರು ಜಾರುವುದಿಲ್ಲ.

“ಮಳೆಯೇ ತೊಳೆಯುತ್ತದೆ, ಒರೆಸುವ ಕೆಲಸವಿಲ್ಲ.”

ಧೂಳನ್ನು ತೊಳೆಯುತ್ತದೆ. ಹಾವಸೆಯನ್ನು ಅದೇ ಬೆಳೆಸುತ್ತದೆ. ತಿಂಗಳುಗಟ್ಟಲೆ ಒದ್ದೆಯಾಗಿರುವ ಊರಲ್ಲಿ ಪ್ಯಾನೆಲ್ಲಿನ ಕೆಳ ಅಂಚಿನಲ್ಲಿ, ಅಲ್ಯುಮಿನಿಯಂ ಚೌಕಟ್ಟಿಗೆ ತಾಗಿ, ಎಲೆಯ ರಸ ಮತ್ತು ಮಣ್ಣು ಸೇರಿ ಹಸುರು ಪಟ್ಟೆ ಕಟ್ಟುತ್ತದೆ. ಅದು ಕೆಳಸಾಲಿನ ಕೋಶಗಳನ್ನು ಮುಚ್ಚಿದರೆ ಮೇಲೆ ಹೇಳಿದ ನೆರಳಿನ ಕಥೆಯೇ. ಅಡಕೆ ಬೇಯಿಸುವ ಕಾಲದಲ್ಲಿ ಒಲೆಯ ಹೊಗೆ ಹಾಯುವ ದಿಕ್ಕಿನಲ್ಲಿ ಪ್ಯಾನೆಲ್ ಇದ್ದರೆ ಮಸಿಯೂ ಸೇರುತ್ತದೆ. ಬೆಳಗಿನ ತಂಪಿನಲ್ಲಿ ಮೆತ್ತನೆಯ ಬಟ್ಟೆ, ಬರೀ ನೀರು ಸಾಕು. ಬೂದಿ, ತೆಂಗಿನ ನಾರು, ಪಾತ್ರೆ ತಿಕ್ಕುವ ಉಜ್ಜು ಬೇಡವೇ ಬೇಡ. ಚೌಕಟ್ಟಿನ ಕೆಳಗೆ ನೀರಿಳಿಯಲು ಬಿಟ್ಟ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸಿ.

“ಗಾಜಿನದ್ದಲ್ಲವೇ, ಮಂಗ ಹಾರಿದರೆ, ತೆಂಗಿನಕಾಯಿ ಬಿದ್ದರೆ ಮುಗೀತು.”

ತೆಂಗಿನಕಾಯಿ ಬಿದ್ದರೆ ನಿಜವಾಗಿಯೂ ಮುಗಿಯಿತು. ಮಂಗ, ಮುಸಿಯ ಹಾರಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಮುಂದಿನ ಗಾಜು ಸಾಮಾನ್ಯವಾಗಿ 3.2 ಮಿಲಿಮೀಟರ್ ದಪ್ಪದ, ಕಾಯಿಸಿ ಗಟ್ಟಿ ಮಾಡಿದ ಗಾಜು. ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 25 ಮಿಲಿಮೀಟರ್ ದಪ್ಪದ ಮಂಜುಗಡ್ಡೆಯ ಉಂಡೆಯನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದು ನೋಡುತ್ತಾರೆ. ಮಂಗ ಕೆಡಿಸುವುದು ವಯರನ್ನು. ಎಳೆಯುತ್ತದೆ, ಜೋತು ಬೀಳುತ್ತದೆ. ಅಳಿಲು, ಇಲಿ ಕಡಿಯುತ್ತವೆ. ಗಾಜಿನ ಚಿಂತೆಯಲ್ಲಿ ಮನೆಯೊಳಗೆ ಎಳೆಯುವ ಸಾದಾ ವಯರನ್ನೇ ಹೊರಗೂ ಎಳೆದು ಬಿಡುವವರು ಬಹಳ. ಬಿಸಿಲಿಗೆ ಅದರ ಹೊದಿಕೆ ಬಿರಿಯುತ್ತದೆ, ಮಳೆನೀರು ತಾಮ್ರದೊಳಗೆ ಹೋಗುತ್ತದೆ. ಸೋಲಾರಿಗೆಂದೇ ಮಾಡಿದ ಡಿಸಿ ಕೇಬಲ್ ತಂದು ಪೈಪಿನೊಳಗೆ ಹಾಯಿಸಿ. ಪ್ಯಾನೆಲ್ಲಿನ ಬೆನ್ನಿನ ಜಂಕ್ಷನ್ ಬಾಕ್ಸಿಗೆ ವಯರು ಹೊಗುವ ಮುನ್ನ ಕೆಳಗೆ ಒಮ್ಮೆ ಬಳುಕಿಸಿ ಮೇಲೇರಿಸಿ, ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಲಿ.

ಗಾಜು ಒಡೆದ ಪ್ಯಾನೆಲ್ ‘ಇನ್ನೂ ಕರೆಂಟು ಕೊಡ್ತದೆ’ ಎಂದು ಇಟ್ಟುಕೊಳ್ಳಬೇಡಿ. ಒಳಗೆ ನೀರಿಳಿದರೆ ಚೌಕಟ್ಟು ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

“ಇಪ್ಪತ್ತೈದು ವರ್ಷ ಗ್ಯಾರಂಟಿ, ಹೆಗಡ್ರೆ, ಕಣ್ಣುಮುಚ್ಚಿ ತಗಳಿ.”

ಕಣ್ಣು ಬಿಟ್ಟೇ ಓದಿ. ಚೀಟಿಯಲ್ಲಿ ಎರಡು ವಾರಂಟಿ ಇರುತ್ತವೆ. ಒಂದು ವಸ್ತುವಿನದ್ದು: ಚೌಕಟ್ಟು ಬಿಟ್ಟಿತು, ಬೆನ್ನಿನ ಹಾಳೆ ಬಿರಿಯಿತು, ಬಾಕ್ಸ್ ಕಳಚಿತು ಎಂಬ ದೋಷಗಳಿಗೆ. ಅದು ಸಾಮಾನ್ಯವಾಗಿ 10–12 ವರ್ಷ. ಇನ್ನೊಂದು ಉತ್ಪಾದನೆಯದ್ದು: 25 ವರ್ಷದ ಕೊನೆಗೆ ಮೊದಲಿನ ಶೇಕಡಾ 80ರಷ್ಟಾದರೂ ಬರಬೇಕು ಎಂಬುದು. ಎರಡನೆಯದನ್ನು ಕೇಳಲು ಹೋದರೆ ಉತ್ಪಾದನೆ ಇಳಿದಿದೆ ಎಂದು ಅಳೆದು ತೋರಿಸಬೇಕು. ತೋಟದ ಮನೆಯಲ್ಲಿ ಅಳೆಯುವವರು ಯಾರು? ನನ್ನ ಮಟ್ಟಿಗೆ ದೊಡ್ಡಕ್ಷರದ 25ಕ್ಕಿಂತ ಸಣ್ಣಕ್ಷರದ 12 ಮುಖ್ಯ.

ಇಲ್ಲಿ ಪ್ಯಾನೆಲ್ ಕೆಡುವುದು ಬೆನ್ನಿನಿಂದ. ತೇವ ಹಾಳೆಯ ಮೂಲಕ, ಅಂಚಿನ ಮೂಲಕ ಒಳಹೋಗಿ ಕೋಶಗಳ ನಡುವಿನ ಪಟ್ಟಿಗೆ ತುಕ್ಕು ಹಿಡಿಸುತ್ತದೆ. ಪರೀಕ್ಷಾಲಯದಲ್ಲಿ 85 ಡಿಗ್ರಿ ಶಾಖ, 85 ಶೇಕಡಾ ತೇವದಲ್ಲಿ 1000 ಗಂಟೆ ಇಡುವ ಪರೀಕ್ಷೆ ಇರುವುದು ಇದಕ್ಕಾಗಿಯೇ. ಕೊಳ್ಳುವಾಗ ಪ್ಯಾನೆಲ್ ಕವುಚಿ ಹಾಕಿಸಿ. ಬೆನ್ನಿನ ಚೀಟಿಯಲ್ಲಿ ಬಿಐಎಸ್ ಗುರುತು, ಐಎಸ್ 14286, ಸೀರಿಯಲ್ ನಂಬರ್ ಇವೆಯೇ, ಜಂಕ್ಷನ್ ಬಾಕ್ಸ್ ಐಪಿ 67 ಅಥವಾ 68 ದರ್ಜೆಯದೇ, ಹಾಳೆಯಲ್ಲಿ ಗೀರು ಅಥವಾ ಗುಳ್ಳೆ ಇದೆಯೇ ನೋಡಿ. ಎರಡೂ ಕಡೆ ಗಾಜಿರುವ ಪ್ಯಾನೆಲ್ ತೇವಕ್ಕೆ ಹೆಚ್ಚು ಜಗ್ಗುವುದಿಲ್ಲ. ಆದರೆ ಅದರ ಗಾಜು ತೆಳು, ತೂಕ ಹೆಚ್ಚು. ತೀರಾ ದೊಡ್ಡ ಅಳತೆಯದ್ದು ಬೇಡ.

ಇಷ್ಟೆಲ್ಲ ನೋಡಿ ತಂದ ಪ್ಯಾನೆಲ್ಲನ್ನು ಕೆಂಪು ಪೇಂಟ್ ಹೊಡೆದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದರೆ ಮೊದಲು ಬೀಳುವುದು ಸ್ಟ್ಯಾಂಡು. ಸತು ಲೇಪದಲ್ಲಿ ಮುಳುಗಿಸಿ ತೆಗೆದ ಕಬ್ಬಿಣ, ಸ್ಟೀಲಿನ ಬೋಲ್ಟು ಹಾಕಿಸಿ.

“ಸೂರಿನ ಮೇಲೆ ಸೋಲಾರ್ ಇದ್ದರೆ ಕರೆಂಟು ಹೋದರೂ ನಮಗೆ ಬೆಳಕು.”

2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ನಂತರ ಈ ಭ್ರಮೆ ಹೆಚ್ಚಿದೆ. ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟು 78,000 ರೂಪಾಯಿ ಸಹಾಯಧನ ಸಿಗುವುದು ಹೆಸ್ಕಾಂ ಲೈನಿಗೆ ಜೋಡಿಸುವ ವ್ಯವಸ್ಥೆಗೆ. ಅದಕ್ಕೆ ಭಾರತದಲ್ಲೇ ತಯಾರಾದ ಕೋಶಗಳ ಪ್ಯಾನೆಲ್ ಕಡ್ಡಾಯ. ಬಿಲ್ ಇಳಿಸಲು ಒಳ್ಳೆಯದೇ. ಆದರೆ ಲೈನಿನಲ್ಲಿ ಕರೆಂಟು ಹೋದ ಕೂಡಲೇ ಅದರ ಇನ್‌ವರ್ಟರ್ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲವಾದರೆ ತಂತಿ ರಿಪೇರಿಗೆ ಕಂಬ ಹತ್ತಿದ ಲೈನ್‌ಮನ್ ಗತಿಯೇನು? ಬ್ಯಾಟರಿ ಸಹಿತದ ಹೈಬ್ರಿಡ್ ಇನ್‌ವರ್ಟರ್ ಇದ್ದರೆ ಮಾತು ಬೇರೆ, ಖರ್ಚೂ ಬೇರೆ. ಲೈನಿನ ಕೊನೆಯ ಮನೆಯವರಿಗೆ ನಾನು ಹೇಳುವುದಾದರೆ, ಸಹಾಯಧನದ ಮೋಹಕ್ಕೆ ಬಿದ್ದು ಹಳೆಯ ಬ್ಯಾಟರಿ-ದೀಪದ ಸಣ್ಣ ವ್ಯವಸ್ಥೆಯನ್ನು ಕಿತ್ತು ಹಾಕಬೇಡಿ.

“ಪ್ಯಾನೆಲ್ ಸಿಡಿಲನ್ನು ಎಳೆಯುತ್ತದೆ.”

ಎಳೆಯುವುದಿಲ್ಲ. ಆದರೆ ಹತ್ತಿರದಲ್ಲಿ ಸಿಡಿಲು ಹೊಡೆದರೆ ಅಂಗಳದಿಂದ ಮನೆಯವರೆಗೆ ಎಳೆದ ಉದ್ದನೆಯ ವಯರು ಆ ಹೊಡೆತವನ್ನು ಹೊತ್ತು ತಂದು ಚಾರ್ಜ್ ಕಂಟ್ರೋಲರ್ ಸುಡುತ್ತದೆ. ಸರ್ಜ್ ಪ್ರೊಟೆಕ್ಟರ್ ಮತ್ತು ಅರ್ಥಿಂಗ್ ಎರಡೂ ಬೇಕು. ಗುಡುಗು ಶುರುವಾಗುವ ಏಪ್ರಿಲ್‌ನಲ್ಲೇ ನಮ್ಮ ಕೆಮ್ಮಣ್ಣು, ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ಗುಂಡಿ ಕೆಲಸ ಬಿಟ್ಟಿರುತ್ತದೆ. ಯುಗಾದಿ ಆಸುಪಾಸಿನಿಂದ ಮಳೆ ಹಿಡಿಯುವ ತನಕ ಗುಂಡಿಗೆ ನೀರು ಹಾಕುತ್ತಿರಿ.

“ವ್ಯಾನಿಗೆ ಬಗ್ಗುವ ಪ್ಯಾನೆಲ್ಲೇ ಸರಿ, ಹಗುರ, ಅಂಟಿಸಿದರಾಯಿತು.”

ಕಾರಿನ ಹಿಂದೆ ಎಳೆಯುವ ಟ್ರೈಲರ್ ಇಲ್ಲಿ ಕಡಿಮೆ. ಟೆಂಪೊ ಟ್ರಾವೆಲರನ್ನೇ ಮನೆ ಮಾಡಿಕೊಂಡು ಬರುವವರಿದ್ದಾರೆ. ಬಗ್ಗುವ ಪ್ಯಾನೆಲ್ 100 ವ್ಯಾಟಿನದ್ದು ಎರಡು ಕಿಲೋ ತೂಗಿದರೆ ಗಾಜಿನದ್ದು ಆರೆಂಟು ಕಿಲೋ. ಆ ಹಗುರಕ್ಕೆ ತೆರುವ ಬೆಲೆ ಆಯುಷ್ಯ. ತಗಡಿಗೆ ಅಂಟಿಸಿದಾಗ ಅಡಿಯಲ್ಲಿ ಗಾಳಿಯಾಡದೆ ಕಾಯುತ್ತದೆ. ಶಾಖ ಒಂದು ಡಿಗ್ರಿ ಏರಿದಂತೆ ಉತ್ಪಾದನೆ ಶೇಕಡಾ 0.3ರಿಂದ 0.45ರಷ್ಟು ಇಳಿಯುತ್ತದೆ. ಅರಬೈಲು ಘಟ್ಟ, ದೇವಿಮನೆ ಘಟ್ಟದ ಕುಲುಕಾಟಕ್ಕೆ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಚೌಕಟ್ಟಿರುವ ಗಾಜಿನ ಪ್ಯಾನೆಲ್ಲನ್ನು ಅಡಿಯಲ್ಲಿ ಎರಡು ಬೆರಳು ಗಾಳಿ ಬಿಟ್ಟು, ರಬ್ಬರ್ ಇಟ್ಟು ಬೋಲ್ಟ್ ಮಾಡಿ. ಘಟ್ಟ ಇಳಿದ ಮೇಲೆ ಬೋಲ್ಟು ಮುಟ್ಟಿ ನೋಡಿ. ಕುಮಟಾ, ಅಂಕೋಲಾ ಕಡಲತಡಿಯಲ್ಲಿ ಬಹಳ ದಿನ ನಿಲ್ಲುವವರು ಉಪ್ಪುಗಾಳಿ ಪರೀಕ್ಷೆಯಾದ ಪ್ಯಾನೆಲ್ ಕೇಳಬೇಕು. ವಾರಂಟಿ ಚೀಟಿಯಲ್ಲಿ ವಾಹನದ ಬಗ್ಗೆ ಏನಿದೆ ಎಂದೂ ಓದಿ. ಅನೇಕ ಕಂಪನಿಗಳು ಚಲಿಸುವ ವಸ್ತುವಿನ ಮೇಲೆ ಕೂರಿಸಿದ ಪ್ಯಾನೆಲ್ಲಿಗೆ ವಾರಂಟಿ ಕೊಡುವುದಿಲ್ಲ.

ಇಷ್ಟಾದರೂ ವ್ಯಾನಿನ ಚಾಲಕ ನಿಲ್ಲಿಸುವುದು ಮರದ ನೆರಳಲ್ಲೇ, ಮತ್ತು ಅದೇ ಸರಿ. ಹಾಗಾಗಿ ನೆತ್ತಿಯ ಮೇಲೆ ಒಂದು ಪ್ಯಾನೆಲ್, ಹತ್ತು ಮೀಟರ್ ಕೇಬಲಿನ ಜೊತೆ ಹೊರಗೆ ತೆಗೆದಿಡುವ ಇನ್ನೊಂದು, ಎಂಜಿನ್‌ನಿಂದ ಬ್ಯಾಟರಿ ತುಂಬಿಸುವ ಚಾರ್ಜರ್, ಈ ಮೂರೂ ಇದ್ದರೆ ಕವಡಿಕೆರೆಯ ಕಡೆಯಲ್ಲೋ ಬನವಾಸಿಯಲ್ಲೋ ಸಣ್ಣ ಫ್ರಿಡ್ಜ್ ಸಹಿತ ಇರಬಹುದು. ಕಾಡಿನೊಳಗೆ ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಹೊರಡುವ ಮೊದಲೇ ಕೇಳಿಕೊಳ್ಳಿ.