ಮನುಷ್ಯ ಪಂಜರದಲ್ಲಿ, ಮೀನು ಹೊರಗೆ!



ಪಂಜರ ಅಂದ ಕೂಡಲೇ ನಮಗೆ ನೆನಪಾಗುವುದು ಗಿಳಿ, ಇಲ್ಲವೇ ಪ್ರಾಣಿಸಂಗ್ರಹಾಲಯದ ಹುಲಿ. ಪ್ರಾಣಿ ಒಳಗೆ, ನಾವು ಹೊರಗೆ. ಆದರೆ ಜಗತ್ತಿನ ಕೆಲವು ಕಡೆ ಇದು ಉಲ್ಟಾ ಆಗಿದೆ. ಅಲ್ಲಿ ಮನುಷ್ಯರೇ ರೊಕ್ಕ ಕೊಟ್ಟು ಕಬ್ಬಿಣದ ಪಂಜರದೊಳಗೆ ಹೊಕ್ಕು ಸಮುದ್ರದಲ್ಲಿ ನಿಲ್ಲುತ್ತಾರೆ. ದೊಡ್ಡ ಬಿಳಿ ಶಾರ್ಕ್ ಮೀನು ಹೊರಗೆ ಆರಾಮಾಗಿ ತಿರುಗಾಡುತ್ತದೆ! ಇದಕ್ಕೆ ಕೇಜ್ ಡೈವಿಂಗ್ ಅಂತಾರೆ. ಇದು ಹೇಗೆ ನಡೆಯುತ್ತದೆ, ಯಾಕೆ ನಡೆಯುತ್ತದೆ, ಇದರಿಂದ ನಾವು ಹಿಡಕಲ್ ಕಡೆಯವರು ಕಲಿಯುವುದು ಏನು ಎಂಬುದನ್ನು ಇಲ್ಲಿ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿರಿ.

ಬಿಳಿ ಶಾರ್ಕ್ ಎಂಥ ಮೀನು?

ದೊಡ್ಡ ಹೆಣ್ಣು ಬಿಳಿ ಶಾರ್ಕ್ ಸುಮಾರು 6 ಮೀಟರ್ ತನಕ ಬೆಳೆಯುತ್ತದೆ. ಅಂದರೆ ನಮ್ಮ ತರಗತಿ ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಅಂತ ತಿಳಿಯಿರಿ. ತೂಕ ಸುಮಾರು 2 ಸಾವಿರ ಕಿಲೋ ತನಕ ಆಗಬಹುದು. ಇದರ ಹೊಟ್ಟೆ ಮಾತ್ರ ಬಿಳಿ, ಬೆನ್ನು ಬೂದು ಬಣ್ಣ. ಬಾಯಿಯಲ್ಲಿ ಸಾಲುಸಾಲಾಗಿ ಸುಮಾರು 300 ಹಲ್ಲು. ನಮಗೆ ಹಾಲುಹಲ್ಲು ಬಿದ್ದರೆ ಒಂದೇ ಸಲ ಹೊಸ ಹಲ್ಲು ಬರ್ತದ. ಶಾರ್ಕಿಗೆ ಹಂಗಲ್ಲ. ಮುಂದಿನ ಹಲ್ಲು ಬಿದ್ದರೆ ಹಿಂದಿನ ಸಾಲಿನದು ಮುಂದೆ ಬರುತ್ತದೆ, ಜೀವ ಇರುವ ತನಕ ಹೀಗೇ.

ಇಷ್ಟು ದೊಡ್ಡ ಮೀನಿನ ಮೈಯಲ್ಲಿ ಒಂದು ಎಲುಬೂ ಇಲ್ಲ! ನಮ್ಮ ಕಿವಿ, ಮೂಗಿನ ತುದಿ ಮೆತ್ತಗೆ ಇವೆಯಲ್ಲ, ಅಂಥ ಮೃದ್ವಸ್ಥಿಯಿಂದಲೇ ಅದರ ಹಂದರ ಆಗಿದೆ. ಅದು ಈಜುವುದನ್ನು ನಿಲ್ಲಿಸುವಂತಿಲ್ಲ. ಯಾಕಂದ್ರೆ ಮುಂದೆ ಮುಂದೆ ಹೋದರೆ ಮಾತ್ರ ಕಿವಿರಿನೊಳಗೆ ನೀರು ಹರಿದು ಉಸಿರಾಟ ನಡೆಯುತ್ತದೆ.

ಇನ್ನೊಂದು ಆಶ್ಚರ್ಯ ಕೇಳಿರಿ. ಶಾರ್ಕಿನ ಮೂತಿಯ ಮೇಲೆ ಸಣ್ಣ ಸಣ್ಣ ರಂಧ್ರಗಳಿವೆ. ಬೇರೆ ಜೀವಿಯ ಸ್ನಾಯು ಅಲುಗಾಡಿದಾಗ ಹುಟ್ಟುವ ಅತಿ ಕಡಿಮೆ ವಿದ್ಯುತ್ತನ್ನೂ ಅದು ಈ ರಂಧ್ರಗಳಿಂದ ತಿಳಿದುಕೊಳ್ಳುತ್ತದೆ.

ಪಂಜರ ಹೇಗಿರುತ್ತದೆ?

ಇದಕ್ಕೆ ಹೆಸರಾದ ಊರು ದಕ್ಷಿಣ ಆಫ್ರಿಕಾ ದೇಶದ ಗಾನ್ಸ್‌ಬಾಯ್. ಅದರ ಎದುರಿಗೆ ಸಮುದ್ರದಲ್ಲಿ ಡಯರ್ ದ್ವೀಪ ಮತ್ತು ಗೈಸರ್ ಬಂಡೆ ಇವೆ. ಆ ಬಂಡೆಯ ಮೇಲೆ ಸಾವಿರಾರು ಸೀಲ್ ಪ್ರಾಣಿಗಳು ವಾಸ ಮಾಡುತ್ತವೆ. ಸೀಲ್ ಅಂದರೆ ಶಾರ್ಕಿಗೆ ಹಬ್ಬದ ಊಟ. ಅದಕ್ಕೇ ಶಾರ್ಕ್ ಅಲ್ಲಿಗೆ ಬರುತ್ತಿದ್ದವು. ಎರಡೂ ನಡುವಿನ ನೀರಿಗೆ ಶಾರ್ಕ್ ಓಣಿ ಎಂದೇ ಹೆಸರು.

ದೋಣಿ ಸಮುದ್ರಕ್ಕೆ ಹೋಗಿ ಲಂಗರು ಹಾಕುತ್ತದೆ. ಗಟ್ಟಿ ಸರಳುಗಳ ಪಂಜರವನ್ನು ದೋಣಿಯ ಮಗ್ಗುಲಿಗೆ ಹಗ್ಗದಿಂದ ಕಟ್ಟುತ್ತಾರೆ. ತೇಲುವ ಡಬ್ಬಿಗಳು ಇರುವುದರಿಂದ ಪಂಜರ ಮುಳುಗುವುದಿಲ್ಲ. ಅದರ ತುದಿ ನೀರಿನ ಮೇಲೆಯೇ ಇರುತ್ತದೆ. ಒಳಗೆ ಐದಾರು ಮಂದಿ ಸಾಲಾಗಿ ನಿಲ್ಲುತ್ತಾರೆ. ನೀರು ಬಹಳ ತಂಪು, ಆದ್ದರಿಂದ ಮೈಗೆ ದಪ್ಪ ರಬ್ಬರಿನ ಅಂಗಿ, ಕಣ್ಣಿಗೆ ಗಾಜಿನ ಮುಖವಾಡ. ಈಜು ಬರಲೇಬೇಕು ಅಂತಲೂ ಇಲ್ಲ. ಮೇಲಿನವರು ಮೀನಿನ ಎಣ್ಣೆ, ರಕ್ತ ಕಲಸಿದ ನೀರನ್ನು ಸಮುದ್ರಕ್ಕೆ ಚೆಲ್ಲುತ್ತಾರೆ. ಹಗ್ಗಕ್ಕೆ ಮೀನಿನ ತಲೆ ಕಟ್ಟಿ ಬಿಡುತ್ತಾರೆ. ವಾಸನೆಗೆ ಶಾರ್ಕ್ ಬರುತ್ತದೆ. ಮೇಲಿನಿಂದ ಕೂಗಿದ ಕೂಡಲೇ ಒಳಗಿದ್ದವರು ಉಸಿರು ಹಿಡಿದು ತಲೆ ಮುಳುಗಿಸಿ ನೋಡುತ್ತಾರೆ. ಅಷ್ಟೇ!

ಕೆಲವು ಸಲ ಶಾರ್ಕ್ ಬಂದು ಪಂಜರಕ್ಕೇ ಬಾಯಿ ಹಾಕುತ್ತದೆ. ನೋಡಿದವರು ಸಿಟ್ಟು ಬಂದಿದೆ ಅಂತಾರೆ. ಆದರೆ ಉಪ್ಪುನೀರಿನಲ್ಲಿ ಲೋಹ ಇದ್ದರೆ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. ಶಾರ್ಕಿನ ಮೂತಿ ಅದನ್ನು ಹಿಡಿಯುತ್ತದೆ. ಇದೇನಪ್ಪಾ ಅಂತ ನೋಡಲು ಅದಕ್ಕೆ ಕೈ ಇಲ್ಲ, ಬಾಯಿ ಮಾತ್ರ ಇದೆ!

ಮೀನಿನ ವಾಸನೆ ತೋರಿಸಿ ಕರೆಯುವುದು ಸರಿಯೇ ಎಂದು ಅಲ್ಲಿಯೂ ಜಗಳ ಇದೆ. ಇದರಿಂದ ಶಾರ್ಕಿಗೆ ದೋಣಿ ಕಂಡರೆ ಊಟ ಎಂಬ ರೂಢಿ ಬೀಳುತ್ತದೆ ಎಂದು ಕೆಲವರು ಅನ್ನುತ್ತಾರೆ. ಆಮಿಷ ತೋರಿಸಬೇಕು, ತಿನ್ನಿಸಬಾರದು ಎಂಬುದು ನಿಯಮ. ನೋಡಿದವರು ಶಾರ್ಕನ್ನು ಕೊಲ್ಲಬೇಡಿ ಎನ್ನುತ್ತಾರೆ, ಊರಿನವರಿಗೂ ಕೆಲಸ ಸಿಗುತ್ತದೆ ಎಂಬುದು ಇನ್ನೊಂದು ಕಡೆಯ ಮಾತು. ನನಗೆ ಎರಡೂ ಮಾತಿನಲ್ಲಿ ಸತ್ಯ ಇದೆ ಅನಿಸುತ್ತದೆ.

ಪಂಜರ ಮಾಡಿದವನ ಕಥೆ

ಇದು ಎಲ್ಲರೂ ತಿಳಿಯಬೇಕಾದ ಕಥೆ. ಆಸ್ಟ್ರೇಲಿಯಾದಲ್ಲಿ ರಾಡ್ನಿ ಫಾಕ್ಸ್ ಎಂಬ ಯುವಕ ಇದ್ದ. ನೀರಿನೊಳಗೆ ಈಟಿಯಿಂದ ಮೀನು ಹೊಡೆಯುವುದರಲ್ಲಿ ಅವನು ಜಾಣ. 1963ರ ಡಿಸೆಂಬರಿನಲ್ಲಿ ಅಂಥದೇ ಒಂದು ಸ್ಪರ್ಧೆಯಲ್ಲಿದ್ದಾಗ ಬಿಳಿ ಶಾರ್ಕ್ ಬಂದು ಅವನ ಎದೆಯನ್ನೇ ಕಚ್ಚಿತು. ನೂರಾರು ಹೊಲಿಗೆ ಬಿದ್ದವು. ಬದುಕಿದ್ದೇ ದೊಡ್ಡದು.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಮತ್ತೆ ನೀರಿಗೆ ಇಳಿಯುತ್ತಿರಲಿಲ್ಲ, ಇಲ್ಲವೇ ಶಾರ್ಕುಗಳನ್ನೆಲ್ಲ ಕೊಲ್ಲಿರಿ ಅನ್ನುತ್ತಿದ್ದೆವು. ರಾಡ್ನಿ ಫಾಕ್ಸ್ ಎರಡನ್ನೂ ಮಾಡಲಿಲ್ಲ. ತನ್ನನ್ನು ಕಚ್ಚಿದ ಪ್ರಾಣಿಯನ್ನು ಹತ್ತಿರದಿಂದ ನೋಡಬೇಕು ಅಂದುಕೊಂಡ. ಪ್ರಾಣಿಸಂಗ್ರಹಾಲಯದಲ್ಲಿ ಸಿಂಹದ ಪಂಜರ ನೋಡಿ ಅವನಿಗೆ ಉಪಾಯ ಹೊಳೆಯಿತು ಎಂದು ಹೇಳುತ್ತಾರೆ. ಶಾರ್ಕನ್ನು ಪಂಜರದಲ್ಲಿ ಇಡಲು ಆಗುವುದಿಲ್ಲ, ನಾನೇ ಒಳಗೆ ಹೋದರೆ? ಹೀಗೆ ಪಂಜರ ತಯಾರಾಯಿತು. ಮುಂದೆ ಅವನು ಜೀವಮಾನವೆಲ್ಲ ಶಾರ್ಕಿನ ರಕ್ಷಣೆಗಾಗಿ ಮಾತಾಡಿದ.

1975ರಲ್ಲಿ 'ಜಾಸ್' ಎಂಬ ಇಂಗ್ಲಿಷ್ ಸಿನೆಮಾ ಬಂದು ಶಾರ್ಕ್ ಅಂದರೆ ರಾಕ್ಷಸ ಎಂದು ಜಗತ್ತೇ ಅಂಜಿತು. ಎಷ್ಟೋ ಮಂದಿ ಅದನ್ನು ಬೇಟೆಯಾಡಿದರು. ಆ ಕಥೆ ಬರೆದ ಪೀಟರ್ ಬೆಂಚ್ಲಿಯೇ ಮುಂದೆ ಶಾರ್ಕ್ ಉಳಿಸುವ ಕೆಲಸಕ್ಕೆ ನಿಂತರು.

ಸ್ವಯಂಸೇವಕರ ಕೆಲಸ

ಬೇರೆ ಬೇರೆ ದೇಶದ ಯುವಕ ಯುವತಿಯರು ಗಾನ್ಸ್‌ಬಾಯ್‌ಗೆ ಸ್ವಯಂಸೇವಕರಾಗಿ ಹೋಗುತ್ತಾರೆ. ಸಂಬಳ ಇಲ್ಲ, ತಮ್ಮ ಖರ್ಚನ್ನು ತಾವೇ ಹಾಕಬೇಕು. ಬೆಳಿಗ್ಗೆ ಪ್ರವಾಸಿಗರಿಗೆ ಅಂಗಿ ಹಂಚುವುದು, ಸಂಜೆ ಅವನ್ನು ತೊಳೆದು ಒಣಹಾಕುವುದು, ದೋಣಿ ತಿಕ್ಕುವುದು ಎಲ್ಲ ಅವರದೇ ಕೆಲಸ. ಇದರ ಜೊತೆ ಒಂದು ಮುಖ್ಯ ಕೆಲಸ ಇದೆ. ಶಾರ್ಕ್ ಬಂದಾಗ ಅದು ಗಂಡೋ ಹೆಣ್ಣೋ, ಎಷ್ಟು ಉದ್ದ, ಮೈಮೇಲೆ ಗಾಯ ಇದೆಯೋ ಎಂದು ಬರೆದುಕೊಳ್ಳಬೇಕು, ಬೆನ್ನಿನ ರೆಕ್ಕೆಯ ಫೋಟೋ ತೆಗೆಯಬೇಕು. ಯಾಕೆಂದರೆ ಆ ರೆಕ್ಕೆಯ ಹಿಂದಿನ ಅಂಚಿನ ಕಚ್ಚುಗಳು ಒಂದು ಶಾರ್ಕಿನಂತೆ ಇನ್ನೊಂದಕ್ಕೆ ಇರುವುದಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ.

ಇಂಥ ಫೋಟೋದಿಂದ ಏನು ಲಾಭ? 2003ರ ನವೆಂಬರಿನಲ್ಲಿ ವಿಜ್ಞಾನಿಗಳು ಗಾನ್ಸ್‌ಬಾಯ್ ಹತ್ತಿರ ಒಂದು ಹೆಣ್ಣು ಶಾರ್ಕಿಗೆ ಯಂತ್ರ ಕಟ್ಟಿ ಬಿಟ್ಟರು. ಅದರ ಹೆಸರು ನಿಕೋಲ್. ಅದು ನಮ್ಮ ಹಿಂದೂ ಮಹಾಸಾಗರವನ್ನೇ ದಾಟಿ ಸುಮಾರು 11 ಸಾವಿರ ಕಿಲೋಮೀಟರ್ ದೂರದ ಆಸ್ಟ್ರೇಲಿಯಾಕ್ಕೆ ಹೋಯಿತು. ಅಲ್ಲಿ ಯಂತ್ರ ಕಳಚಿತು. 2004ರ ಆಗಸ್ಟಿನಲ್ಲಿ ಅದೇ ನಿಕೋಲ್ ಗಾನ್ಸ್‌ಬಾಯ್‌ಗೆ ವಾಪಸು ಬಂತು. ಗುರುತು ಹಿಡಿದದ್ದು ಹೇಗೆ? ರೆಕ್ಕೆಯ ಫೋಟೋದಿಂದ!

ಅಂಜಬೇಕಾದವರು ಯಾರು?

ಇಡೀ ಜಗತ್ತಿನಲ್ಲಿ ಶಾರ್ಕ್ ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ ಐದಾರು ಮಂದಿ. ನಮ್ಮ ಭಾರತದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸುಮಾರು 58 ಸಾವಿರ ಎಂದು ಅಂದಾಜು. ಇನ್ನು ಮನುಷ್ಯರು ಕೊಲ್ಲುವ ಎಲ್ಲ ಜಾತಿಯ ಶಾರ್ಕುಗಳ ಲೆಕ್ಕ ವರ್ಷಕ್ಕೆ ಸುಮಾರು 10 ಕೋಟಿ ಎಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಹೆಣ್ಣು ಬಿಳಿ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 30 ವರ್ಷ ಬೇಕು. ಹಾಕುವ ಮರಿಗಳೂ ಕಡಿಮೆ. ಹೀಗಿದ್ದರೆ ಕೊಂದಷ್ಟು ಬೇಗ ಹುಟ್ಟುವುದು ಹೇಗೆ? ಅದಕ್ಕೇ ದಕ್ಷಿಣ ಆಫ್ರಿಕಾ 1991ರಲ್ಲೇ ಬಿಳಿ ಶಾರ್ಕ್ ಬೇಟೆಯನ್ನು ನಿಲ್ಲಿಸಿತು. ಹಾಗೆ ಮಾಡಿದ ಮೊದಲ ದೇಶ ಅದು.

ಆದರೂ ಈಗ ಗಾನ್ಸ್‌ಬಾಯ್‌ನಲ್ಲಿ ಬಿಳಿ ಶಾರ್ಕ್ ಕಾಣುವುದು ಅಪರೂಪ. 2017ರಲ್ಲಿ ಸತ್ತ ಬಿಳಿ ಶಾರ್ಕುಗಳು ದಂಡೆಗೆ ಬಂದು ಬಿದ್ದವು. ಹೊಟ್ಟೆ ಹರಿದಿತ್ತು, ಯಕೃತ್ತು ಇರಲಿಲ್ಲ! ಇದು ಓರ್ಕಾ ಎಂಬ ಕಪ್ಪು ಬಿಳುಪು ಪ್ರಾಣಿಗಳ ಕೆಲಸ ಎಂದು ಗೊತ್ತಾಯಿತು. ಅಂಥ ಎರಡು ಓರ್ಕಾಗಳಿಗೆ ಪೋರ್ಟ್, ಸ್ಟಾರ್‌ಬೋರ್ಡ್ ಎಂದು ಹೆಸರಿಟ್ಟಿದ್ದಾರೆ. ಅವಕ್ಕೆ ಅಂಜಿ ಶಾರ್ಕುಗಳು ಜಾಗ ಬಿಟ್ಟವು. ಮನುಷ್ಯರ ಮೀನುಗಾರಿಕೆ ಮತ್ತು ಬಲೆಗಳೂ ಕಾರಣ ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಈಗ ಪಂಜರದಲ್ಲಿ ನಿಂತವರಿಗೆ ಹೆಚ್ಚಾಗಿ ಬೇರೆ ಜಾತಿಯ ಕಂಚಿನ ಬಣ್ಣದ ಶಾರ್ಕ್ ಕಾಣುತ್ತವೆ. ಜಗತ್ತೇ ಅಂಜುವ ಮೀನಿಗೂ ಅಂಜಿಕೆ ಇದೆ ನೋಡಿರಿ.

ನಮ್ಮ ಸಮುದ್ರದಲ್ಲಿ

ನಮ್ಮ ಕರ್ನಾಟಕದಲ್ಲಿ ಶಾರ್ಕ್ ನೋಡುವ ಪಂಜರ ಇಲ್ಲ. ಆದರೆ ಸಮುದ್ರದೊಳಗೆ ಇಳಿದು ಮೀನು ನೋಡುವ ಜಾಗ ಇದೆ. ಅದು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಾರೆ. ನಮ್ಮ ಅಪ್ಪು, ಅಂದರೆ ಪುನೀತ್ ರಾಜಕುಮಾರ್ ಅವರೂ ಇಳಿದಿದ್ದರು. 2022ರಲ್ಲಿ ಬಂದ 'ಗಂಧದ ಗುಡಿ' ಚಿತ್ರದಲ್ಲಿ ಅದನ್ನು ತೋರಿಸಿದ್ದಾರೆ.

ಅರಬ್ಬಿ ಸಮುದ್ರದಲ್ಲಿ ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಕೂಡ ಇದೆ. ಹೆಸರು ತಿಮಿಂಗಿಲ, ಆದರೆ ಇದು ಮೀನೇ. ನಮ್ಮ ಬಸ್ಸಿಗಿಂತ ಉದ್ದ ಬೆಳೆಯುತ್ತದೆ. ತಿನ್ನುವುದು ಮಾತ್ರ ಸಣ್ಣ ಹುಳ, ಸಣ್ಣ ಮೀನು. ಇದನ್ನು ನೋಡಲು ಪಂಜರವೇ ಬೇಡ.

ಗುಜರಾತಿನ ವೆರಾವಲ್ ಕಡೆ ಮೊದಲು ಇದನ್ನು ಯಕೃತ್ತಿನ ಎಣ್ಣೆಗಾಗಿ ಕೊಲ್ಲುತ್ತಿದ್ದರು. ಆ ಎಣ್ಣೆಯನ್ನು ದೋಣಿಗೆ ಹಚ್ಚುತ್ತಿದ್ದರು. 2001ರಲ್ಲಿ ಸರ್ಕಾರ ಕಾನೂನಿನಿಂದ ರಕ್ಷಣೆ ಕೊಟ್ಟಿತು. ಕಾನೂನು ಒಂದರಿಂದಲೇ ಮನಸ್ಸು ಬದಲಾಗಲಿಲ್ಲ. 2004ರಿಂದ ಕಥೆ ಹೇಳುವ ಮೊರಾರಿ ಬಾಪು ಅವರು, ಈ ಮೀನು ಹೆರಿಗೆಗೆ ತವರಿಗೆ ಬಂದ ಮಗಳಿದ್ದಂತೆ ಎಂದು ಜನರಿಗೆ ತಿಳಿಸಿದರು. ಮಗಳನ್ನು ಯಾರು ಕೊಲ್ಲುತ್ತಾರೆ? ಮೀನುಗಾರರು ತಮ್ಮ ಬಲೆಯನ್ನೇ ಕೊಯ್ದು ಅದನ್ನು ಬಿಡತೊಡಗಿದರು. ಹರಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಬಡವರ ಹೊಟ್ಟೆಗೂ ದಾರಿ ಮಾಡಿದ್ದರಿಂದ ಈ ಕೆಲಸ ನಡೆಯಿತು ಎಂದು ನನಗೆ ಅನಿಸುತ್ತದೆ.

ನಮ್ಮ ಹೊಳೆಯಲ್ಲಿ

ನಮ್ಮ ಹಿಡಕಲ್ ಡ್ಯಾಮಿನಲ್ಲಿ, ಅಂದರೆ ರಾಜಾ ಲಖಮಗೌಡ ಜಲಾಶಯದಲ್ಲಿ, ಶಾರ್ಕ್ ಇಲ್ಲ. ಚಿಕ್ಕ ಮಕ್ಕಳು ಅಂಜಬೇಡಿರಿ! ಆದರೆ ನಮ್ಮ ಘಟಪ್ರಭೆ ಹೋಗಿ ಕೂಡುವ ಕೃಷ್ಣೆಯಲ್ಲಿ ಮೊಸಳೆ ಅದಾವ. 2019ರ ಆಗಸ್ಟಿನ ಮಹಾಪೂರದಲ್ಲಿ ನಮ್ಮ ಜಿಲ್ಲೆಯ ರಾಯಬಾಗ ತಾಲೂಕಿನಲ್ಲಿ ಮುಳುಗಿದ ಮನೆಯ ಛಾವಣಿ ಮೇಲೆ ಒಂದು ಮೊಸಳೆ ಬಂದು ಕುಳಿತಿತ್ತು. ಆ ವಿಡಿಯೋ ದೇಶವೆಲ್ಲ ನೋಡಿತು. ಮೊಸಳೆ ಮನೆ ಹೊಕ್ಕಿತು ಎಂದು ಜನ ಅಂದರು. ವಿಚಾರ ಮಾಡಿದರೆ ಅದರ ಮನೆಯೂ ಮಹಾಪೂರಕ್ಕೆ ಹೋಗಿತ್ತು.

ಹಾವು, ಮೊಸಳೆ ಕಂಡರೆ ಕಲ್ಲು, ಬಡಿಗೆ ಹಿಡಿಯುವವರು ಬಹಳ. ಅಂಜಿಕೆ ತಪ್ಪಲ್ಲ. ಹೊಳೆಗೆ ಬಟ್ಟೆ ಒಗೆಯಲು ಹೋಗುವ ತಾಯಂದಿರು, ದನ ಮೈ ತೊಳೆಯುವವರು ಅಂಜಲೇಬೇಕು. ಅಂಜಿದರೆ ಜೀವ ಉಳಿಯುತ್ತದೆ. ಆದರೆ ಅಂಜಿಕೆಗೆ ಔಷಧ ಕೊಲ್ಲುವುದಲ್ಲ, ತಿಳಿಯುವುದು. ಎದೆಗೆ ಕಚ್ಚಿಸಿಕೊಂಡ ರಾಡ್ನಿ ಫಾಕ್ಸ್ ತಿಳಿಯಲು ಹೋದ. ನಮಗೆ ಪಂಜರ ಬೇಡ, ದೂರ ನಿಂತರೆ ಸಾಕು. ಮೊಸಳೆ ಕಂಡರೆ ನೀರಿಗೆ ಇಳಿಯಬೇಡಿರಿ, ಕಲ್ಲು ಒಗೆಯಬೇಡಿರಿ, ಹಿರಿಯರಿಗೆ ಹೇಳಿರಿ, ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಸಮುದ್ರ ಶಾರ್ಕಿನ ಮನೆ, ಹೊಳೆ ಮೊಸಳೆಯ ಮನೆ. ಇನ್ನೊಬ್ಬರ ಮನೆಗೆ ಹೋದಾಗ ನಾವೇ ಜೋಪಾನ ಇರಬೇಕು.

ಉತ್ತರ ಹೇಳಿರಿ ನೋಡೋಣ (ಉತ್ತರ ಮೇಲೆಯೇ ಇದೆ):
1. ಶಾರ್ಕ್ ಈಜುವುದನ್ನು ಯಾಕೆ ನಿಲ್ಲಿಸುವುದಿಲ್ಲ?
2. ನಿಕೋಲ್ ಶಾರ್ಕನ್ನು ಹೇಗೆ ಗುರುತಿಸಿದರು?
3. ಬಿಳಿ ಶಾರ್ಕ್ ಯಾವ ಪ್ರಾಣಿಗೆ ಅಂಜುತ್ತದೆ?

– 7ನೇ ತರಗತಿ, ಹಿಡಕಲ್