ಗೋಡೆಯ ತೇವಕ್ಕೆ ಬಣ್ಣ ಮದ್ದಲ್ಲ

ನವರಾತ್ರಿಯ ಗೊಂಬೆಗಳನ್ನು ಇಳಿಸಲು ಅಟ್ಟ ತೆರೆಯುವ ಗೃಹಿಣಿಗೆ ಅನೇಕ ವೇಳೆ ಮೊದಲು ಎದುರಾಗುವುದು ಗೊಂಬೆಗಳಲ್ಲ, ಮುಗ್ಗಲು ವಾಸನೆ. ಪಟ್ಟದ ಗೊಂಬೆಯ ರೇಷ್ಮೆಗೆ ಬೂಷ್ಟು ಹಿಡಿದಿರುತ್ತದೆ. ಮೂಲೆಯ ಗೋಡೆಯಲ್ಲಿ ಕಾಫಿ ಚೆಲ್ಲಿದಂತಹ ಕಲೆ ಮೂಡಿರುತ್ತದೆ. ಹಬ್ಬ ಸಮೀಪಿಸಿತೆಂದು ಯಜಮಾನರು ಬಣ್ಣದವನನ್ನು ಕರೆಸುತ್ತಾರೆ. ದೀಪಾವಳಿಗೆ ಗೋಡೆ ಥಳಥಳಿಸುತ್ತದೆ; ಮುಂದಿನ ಮಳೆಗಾಲಕ್ಕೆ ಅದೇ ಕಲೆ ಅದೇ ಮೂಲೆಯಲ್ಲಿ ಪ್ರತ್ಯಕ್ಷವಾಗುತ್ತದೆ.

ದಕ್ಷಿಣ ಬೆಂಗಳೂರಿನ ಹಳೆಯ ಮನೆಗಳಿಗೆ ಇದು ವರ್ಷಾವಧಿ ವ್ರತವಾಗಿದೆ. 1948ರಲ್ಲಿ ರಾಜಾಜಿಯವರು ಅಡಿಗಲ್ಲಿಟ್ಟ ಜಯನಗರದ ಆರಂಭದ ಮನೆಗಳಿಗೆ ಈಗ ಏಳು ದಶಕಗಳು ಸಂದಿವೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಗೋಡೆ ಅತಿಯಾಗಿ ನೆನೆದಿರುವ ಕಾಲದಲ್ಲಿಯೇ ಅದಕ್ಕೆ ಬಣ್ಣದ ಮುಸುಕು ಹಾಕುವುದು ನಮ್ಮ ವಾಡಿಕೆ!

ಕಲೆ ಕಾಣುವ ಸ್ಥಳವೇ ನೀರು ನುಗ್ಗುವ ಸ್ಥಳವೆಂದು ಭಾವಿಸುವುದು ತಪ್ಪು. ನೀರಿಗೆ ಮುಖ್ಯವಾಗಿ ಮೂರು ದಾರಿಗಳುಂಟು. ಮಳೆ ಬಂದ ಒಂದೆರಡು ದಿನಗಳಲ್ಲಿ ಕಲೆ ಹಿಗ್ಗಿ, ಬಿಸಿಲಿಗೆ ಕುಗ್ಗಿದರೆ ತಾರಸಿಯನ್ನು ಶಂಕಿಸಬೇಕು. ಎಲೆ ಕಟ್ಟಿಕೊಂಡ ತೂಬು, ಮೋಟುಗೋಡೆಯ ಬಿರುಕು, ಆ ಬಿರುಕಿನಲ್ಲಿ ಬೇರೂರಿದ ಅರಳಿಯ ಸಸಿ, ಇವೇ ಅಲ್ಲಿಯ ಅಪರಾಧಿಗಳು. ನೆಲದಿಂದ ಸುಮಾರು ಮೂರಡಿಯವರೆಗೆ ಗಾರೆ ಉದುರಿ, ಬಿಳಿಯ ಉಪ್ಪಿನ ಪುಡಿ ಹೊಮ್ಮಿದರೆ, ಬತ್ತಿಯು ಎಣ್ಣೆಯನ್ನು ಹೀರುವಂತೆ ಇಟ್ಟಿಗೆಯು ಭೂಮಿಯ ತೇವವನ್ನು ಮೇಲಕ್ಕೆ ಹೀರುತ್ತಿದೆಯೆಂದು ತಿಳಿಯಬೇಕು. ಬೇಸಗೆಯಲ್ಲಿಯೂ ಆರದ ಕಲೆ ಸ್ನಾನದ ಮನೆಯ ಬೆನ್ನಿಗಿದ್ದರೆ, ಗೋಡೆಯೊಳಗಿನ ಕೊಳಾಯಿ ಸೋರುತ್ತಿರುವ ಸಂಭವವೇ ಹೆಚ್ಚು.

ಸಂದೇಹ ತೀರದಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಗೋಡೆಗಿಟ್ಟು, ನಾಲ್ಕೂ ಅಂಚುಗಳನ್ನು ಟೇಪಿನಿಂದ ಮುಚ್ಚಿ ಎರಡು ದಿನ ಬಿಡಬೇಕು. ಹಾಳೆಯ ಹಿಂಬದಿಯಲ್ಲಿ ಹನಿಗಟ್ಟಿದರೆ ತೇವ ಗೋಡೆಯದು. ಮುಂಬದಿಯಲ್ಲಾದರೆ ಕೋಣೆಯ ಗಾಳಿಯದು. ಎರಡನೆಯದಕ್ಕೆ ಕಿಟಕಿ ತೆರೆಯುವುದೇ ಚಿಕಿತ್ಸೆ.

ಹಳೆಯ ಗೋಡೆಯ ಸ್ವಭಾವವನ್ನರಿಯದೆ ಮಾಡುವ ದುರಸ್ತಿಯೂ ಅಪಾಯಕರ. ಸುಣ್ಣದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಒಳಗಿನ ತೇವ ಆವಿಯಾಗಿ ಹೊರಹೋಗಬಲ್ಲದು. ಹಿಂದಿನವರು ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನೂ, ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನೂ ಬೆರೆಸಿ ಅರೆಯುತ್ತಿದ್ದರು. ಅಂತಹ ಗೋಡೆಗೆ ದಪ್ಪನೆಯ ಸಿಮೆಂಟು ಗಾರೆ ಮೆತ್ತಿ, ಎಣ್ಣೆ ಬಣ್ಣ ಬಳಿದರೆ ತೇವ ಒಳಗೇ ಸೆರೆಯಾಗುತ್ತದೆ. ಬಸವನಗುಡಿಯಂತಹ ಹಳೆಯ ಬಡಾವಣೆಗಳಲ್ಲಿ ಕಾಣುವ ಮದರಾಸು ತಾರಸಿಯ ಮನೆಗಳಲ್ಲಿ ಆ ತೇವ ಮರದ ಜಂತೆಗಳ ತುದಿಯನ್ನು ಕೊಳೆಸುತ್ತದೆ, ಗೆದ್ದಲನ್ನು ಕರೆಯುತ್ತದೆ. ಕಾಂಕ್ರೀಟು ಛಾವಣಿಯಲ್ಲಾದರೆ ಒಳಗಿನ ಕಂಬಿ ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟನ್ನೇ ಒಡೆದು ಕೆಡವುತ್ತದೆ. ಮಲಗುವ ಮಂಚದ ನೇರಕ್ಕೆ ಛಾವಣಿ ಜೋತುಬಿದ್ದಿದ್ದರೆ, ವಿದ್ಯುತ್ ಸ್ವಿಚ್ಚಿನ ಬಳಿ ಗೋಡೆ ಒದ್ದೆಯಾಗಿದ್ದರೆ ಹಬ್ಬಕ್ಕೂ ಕಾಯಲಾಗದು. ಒಡನೆಯೇ ಇಂಜಿನಿಯರನ್ನೋ ವಿದ್ಯುತ್ ಕೆಲಸದವರನ್ನೋ ಕರೆಸಬೇಕು. ಬೂಷ್ಟಿನ ಗಾಳಿ ಉಬ್ಬಸವುಳ್ಳ ಮಕ್ಕಳಿಗೂ ವೃದ್ಧರಿಗೂ ಹಾನಿಕರವೆಂಬುದನ್ನೂ ಮರೆಯಬಾರದು.

ಆದುದರಿಂದ ದುರಸ್ತಿಗೊಂದು ಕ್ರಮವಿರಬೇಕು. ಮೊದಲು ನೀರಿನ ದಾರಿಯನ್ನು ಕಂಡು ಮುಚ್ಚುವುದು, ಬಳಿಕ ಸಡಿಲವಾದ ಗಾರೆಯನ್ನು ಕೆತ್ತಿ ತೆಗೆದು ಗೋಡೆಯನ್ನು ಒಣಗಲು ಬಿಡುವುದು, ಅನಂತರ ಮೂಲ ಗಾರೆಗೆ ಹೊಂದುವ ಗಾರೆ, ಕೊನೆಗೆ ಬಣ್ಣ. ಜನವರಿಯಿಂದ ಮಾರ್ಚಿಯವರೆಗಿನ ಒಣ ತಿಂಗಳುಗಳು ಇದಕ್ಕೆ ಪ್ರಶಸ್ತ.

ತಾರಸಿಯ ನೀರನ್ನು ಪಾಯದ ಬುಡಕ್ಕೆ ಬಿಡುವುದೂ ಸಲ್ಲದು. 1,200 ಚದರ ಅಡಿಯ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 1,100 ಲೀಟರ್ ನೀರಾಗುತ್ತದೆ. ಅದನ್ನು ಸೋಸಿ ತೊಟ್ಟಿಗೆ ತುಂಬಿಸುವ ವಿಧಾನಗಳ ಮಾದರಿಗಳನ್ನು ಜಲಮಂಡಳಿಯು ಜಯನಗರದ ಐದನೆಯ ಬ್ಲಾಕಿನಲ್ಲಿಯೇ ನಿರ್ಮಿಸಿದೆ. ಗೋಡೆಯನ್ನು ಕೆಡಿಸುವ ನೀರೇ ಬೇಸಗೆಯಲ್ಲಿ ಮನೆಗೆ ಒದಗುವಂತಾದರೆ, ಬಣ್ಣಕ್ಕೆಂದು ವರ್ಷವರ್ಷವೂ ತೆರುವ ಹಣವೂ ಉಳಿಯುತ್ತದೆ, ಹಿರಿಯರು ಕಷ್ಟಪಟ್ಟು ಕಟ್ಟಿಸಿದ ಮನೆಯೂ ಉಳಿಯುತ್ತದೆ.