ದುಡಿಮೆಯ ಬಟ್ಟೆಯ ಕವುದಿ

ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ, ಅದೇ ಹೆಸರಿನ ನದಿಯು ಮೂರು ದಿಕ್ಕುಗಳಿಂದ ಬಳಸಿ ಹರಿಯುವ ತಿರುವಿನೊಳಗೆ, ಗೀಸ್ ಬೆಂಡ್ ಎಂಬ ಕಪ್ಪು ಜನಾಂಗದ ರೈತರ ಹಳ್ಳಿಯೊಂದಿದೆ. 2002ರಲ್ಲಿ ಹ್ಯೂಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯವು ಇಲ್ಲಿನ ಸ್ತ್ರೀಯರು ಹೊಲಿದ ಕವುದಿಗಳನ್ನು ಪ್ರದರ್ಶಿಸಿದಂದಿನಿಂದ ಅವುಗಳ ಕೀರ್ತಿ ಬಹುದೂರ ಹಬ್ಬಿತು. 2006ರಲ್ಲಿ ಅವು ಆ ದೇಶದ ಅಂಚೆಚೀಟಿಗಳ ಮೇಲೂ ಮೂಡಿದವು. ಅವುಗಳೊಳಗೆ ನನ್ನ ಮನಸ್ಸನ್ನು ಬಹುವಾಗಿ ಕಲಕಿದುದು, ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ಹೊಲಿದ ಒಂದು ಕವುದಿ.

ಪೆಟ್‌ವೇ ಎಂಬುದು ಈ ಜನರು ತಾವಾಗಿ ಆರಿಸಿಕೊಂಡ ಕುಲನಾಮವಲ್ಲ. 1840ರ ದಶಕದಲ್ಲಿ ಇಲ್ಲಿನ ಹತ್ತಿಯ ತೋಟವನ್ನು ಪಡೆದ ಮಾರ್ಕ್ ಪೆಟ್‌ವೇ, ಉತ್ತರ ಕ್ಯಾರೊಲಿನಾದಿಂದ ನೂರರಷ್ಟು ದಾಸರನ್ನು ಕಾಲ್ನಡಿಗೆಯಲ್ಲಿಯೇ ಇಲ್ಲಿಗೆ ಸಾಗಿಸಿದನು. ದಾಸ್ಯ ಅಳಿದ ಮೇಲೂ ಒಡೆಯನ ಹೆಸರು ದುಡಿದವರ ಸಂತತಿಗೆ ಅಂಟಿಕೊಂಡಿತು. ಅವರು ಗೇಣಿದಾರರಾದರು, ಸಾಲಗಾರರಾದರು. 1932ರಲ್ಲಿ ಸಾಲ ಕೊಟ್ಟಿದ್ದ ವರ್ತಕನು ತೀರಿಕೊಳ್ಳಲು, ಅವನ ಕಡೆಯವರು ಬಂದು ದನಕರು, ನೇಗಿಲು, ಕೂಡಿಟ್ಟ ಧಾನ್ಯ ಎಲ್ಲವನ್ನೂ ಹೇರಿಕೊಂಡು ಹೋದರು. ಆ ದಶಕದ ಉತ್ತರಾರ್ಧದಲ್ಲಿ ಸರಕಾರವು ಭೂಮಿಯನ್ನು ಕೊಂಡು, ಕ್ರಮೇಣ ಈ ಕುಟುಂಬಗಳಿಗೇ ಮಾರುವ ಏರ್ಪಾಡು ಮಾಡಿತು.

ಹೀಗೆ ಊರಿಗೆ ತುಸು ನೆಮ್ಮದಿ ಮರಳುತ್ತಿದ್ದ ಕಾಲದಲ್ಲಿಯೇ, ಮಿಸೌರಿಯ ಪತಿ ನಥಾನಿಯಲ್ ಎಂಟು ತಿಂಗಳ ಕಾಲ ಹಾಸಿಗೆ ಹಿಡಿದು, ಮುಪ್ಪನ್ನು ಕಾಣದೆ ಕಣ್ಮರೆಯಾದನು. ಆತನು ಹೊಲದಲ್ಲಿ ತೊಡುತ್ತಿದ್ದ ಬಟ್ಟೆಗಳಿಂದಲೇ ಒಂದು ಕವುದಿ ಮಾಡಿ, ಆತನ ನೆನಪಿಗಾಗಿ, ಪ್ರೀತಿಗಾಗಿ, ಅದನ್ನೇ ಹೊದೆಯುವೆನೆಂದು ಆಕೆ ನಿಶ್ಚಯಿಸಿದಳೆಂದು ಮಗಳು ಅರ್ಲೋಂಜಿಯಾ ಮುಂದೆ ಹೇಳಿದ್ದಾಳೆ. ಆಗಿನ್ನೂ ಹದಿಹರೆಯದವಳಾಗಿದ್ದ ಆ ಮಗಳೇ ತಂದೆಯ ಷರಾಯಿ, ಅಂಗಿಗಳನ್ನು ಹರಿದು ಕೊಟ್ಟವಳು. ಷರಾಯಿಯ ಕಾಲು ಕೆಳಗೆ ಕಿರಿದು, ಮೇಲೆ ಅಗಲ. ಆದುದರಿಂದ ಅದನ್ನು ಕತ್ತರಿಸಿ ಸಮನಾದ ಪಟ್ಟಿಗಳಾಗಿ ತಿದ್ದಬೇಕಾಗಿತ್ತು. ಇದ್ದ ಬಟ್ಟೆಯೆಲ್ಲ ಸೇರಿ ಒಂದು ಕವುದಿಗೆ ಸರಿಹೋಯಿತು. ಒಬ್ಬ ರೈತನು ಬಿಟ್ಟುಹೋದ ಉಡುಪು ಅಷ್ಟೇ ಎಂಬುದನ್ನು ಓದುಗರು ಕ್ಷಣಕಾಲ ಚಿಂತಿಸಬೇಕು.

ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸೀಮೆಗಳಲ್ಲಿ, ಆಫ್ರಿಕಾ ಮೂಲದವರೇ ಆದ ಸಿದ್ದಿ ಸ್ತ್ರೀಯರು ಹಳೆಯ ಬಟ್ಟೆಯ ತುಂಡುಗಳಿಂದ ಕವುದಿ ಹೊಲಿಯುವುದನ್ನು ಬಲ್ಲವರಿಗೆ ಈ ಕೆಲಸ ಅಪರಿಚಿತವೆನಿಸದು. ಗೀಸ್ ಬೆಂಡಿನಲ್ಲಿ ಮೇಲುಹಾಸಿಗೂ ಅಡಿಹಾಸಿಗೂ ನಡುವೆ ಹತ್ತಿಯನ್ನು ಹರಡಿ, ಮೂರು ಪದರಗಳನ್ನೂ ಸೂಜಿಯಿಂದ ಬಂಧಿಸುತ್ತಾರೆ. ದುಡಿಮೆಯ ಬಟ್ಟೆಯ ಇಂಥ ಕವುದಿಗಳಲ್ಲಿ ಮೊಣಕಾಲಿನ ಸವೆತವೂ, ಕಿಸೆಯನ್ನು ಬಿಚ್ಚಿದ ಕಡೆ ಬಿಸಿಲು ತಾಗದೆ ಉಳಿದ ಗಾಢವರ್ಣದ ಚೌಕವೂ ಹಾಗೆಯೇ ನಿಂತಿರುತ್ತವೆ.

ವಿಮರ್ಶಕರು ಈ ಕವುದಿಗಳನ್ನು ಆಧುನಿಕ ಚಿತ್ರಕಲೆಯೊಡನೆ ತೂಗಿ ಹೊಗಳಿದ್ದಾರೆ. ಆ ಹೊಗಳಿಕೆ ಸಲ್ಲತಕ್ಕುದೇ. ಆದರೆ ಅದು ವರ್ಣ, ರೇಖೆಗಳಲ್ಲಿಯೇ ನಿಂತುಬಿಟ್ಟರೆ, ಚರಿತ್ರೆಯ ಗ್ರಂಥಗಳಲ್ಲಿ ಒಂದು ಸಾಲನ್ನೂ ಪಡೆಯದ ರೈತನೊಬ್ಬನಿಗೆ ಎರಡನೆಯ ಸಲ ಅನ್ಯಾಯವಾಗುತ್ತದೆ. ಈ ಕವುದಿಯನ್ನು ಎಲ್ಲಿ ಪ್ರದರ್ಶಿಸಿದರೂ ಹೊಲಿದಾಕೆಯ ಹೆಸರಿನ ಕೆಳಗೆ, ಆ ಬಟ್ಟೆಯನ್ನು ಹೊಲದಲ್ಲಿ ಸವೆಸಿದ ನಥಾನಿಯಲ್ ಪೆಟ್‌ವೇಯ ಹೆಸರನ್ನೂ ಬರೆಯತಕ್ಕದ್ದು.